ಮಡಿದ ಹಕ್ಕಿಗಳ ಪೆಟ್ಟಿಗೆ

ನಮ್ಮ ಬೀದಿಯಲ್ಲಿ ತಪ್ಪು ಮಾಡದ ಮನುಷ್ಯ ಒಬ್ಬರೇ ಇದ್ದರು. ಇದು ಬೇರೆಯವರು ಹೇಳಿದ ಮಾತಲ್ಲ, ಅವರೇ ಹೇಳಿಕೊಳ್ಳುತ್ತಿದ್ದದ್ದು. ಮೂವತ್ತನಾಲ್ಕು ವರ್ಷ ಒಂದೇ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿದ್ದು ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಕೊಂಬಾಗಲಿ ಒಂದು ಒತ್ತಕ್ಷರವಾಗಲಿ ಅಚ್ಚಿಗೆ ಹೋಗಿರಲಿಲ್ಲವಂತೆ. ಬೀದಿಯವರು ಅವರನ್ನು ಎದುರಿಗೆ ‘ಸಾರ್’ ಎಂದೂ ಬೆನ್ನ ಹಿಂದೆ ‘ತಿದ್ದಪ್ಪ’ ಎಂದೂ ಕರೆಯುತ್ತಿದ್ದರು. ನಾನು ಎದುರು ಮನೆಯವನಾದ್ದರಿಂದ ಎರಡು ಹೆಸರನ್ನೂ ಧಾರಾಳವಾಗಿ ಬಳಸಿದ್ದೇನೆ.

ನನಗೆ ಅವರ ಮೇಲೆ ಸ್ವಲ್ಪ ಹಳೆಯ ಸಿಟ್ಟೂ ಇತ್ತೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮಗಳ ಹುಟ್ಟುಹಬ್ಬಕ್ಕೆ ತರಿಸಿದ್ದ ಕೇಕಿನ ಮೇಲೆ ಬೇಕರಿಯವನು ‘ಶುಭಾಷಯಗಳು’ ಎಂದು ಬರೆದಿದ್ದ. ಮಗಳು ಮೇಣದಬತ್ತಿ ಊದುವುದಕ್ಕೂ ಬಿಡದೆ ತಿದ್ದಪ್ಪನವರು ಚಾಕು ಕೈಗೆತ್ತಿಕೊಂಡು, ಆ ‘ಷ’ವನ್ನು ಮಾತ್ರ ಚೌಕವಾಗಿ ಕತ್ತರಿಸಿ ತಟ್ಟೆಗೆ ಹಾಕಿದರು. ಮಗಳು ಹೋ ಎಂದು ಅತ್ತಳು. “ಅಳಲಿ ಬಿಡಿ, ಇನ್ನು ಜನ್ಮದಲ್ಲಿ ತಪ್ಪು ಬರೆಯಲ್ಲ” ಎಂದರು. ಕತ್ತರಿಸಿದ ‘ಷ’ವನ್ನು ತಿಂದವರೂ ಅವರೇ.

ಇಂಥವರು ನಿವೃತ್ತರಾದ ದಿನ ಮುದ್ರಣಾಲಯದಿಂದ ಹಳೆಯ ಕರಡು ಹಾಳೆಗಳ ಹದಿನೇಳು ಗಂಟು ಮನೆಗೆ ತಂದರು. ಹಾಳೆ ಹಾಳೆಯ ಅಂಚಿನಲ್ಲೂ ಅವರ ಕೆಂಪು ಶಾಯಿಯ ಗುರುತುಗಳು. ಹೆಂಡತಿ ಒಂದು ತಿಂಗಳು ಸಹಿಸಿದರು. ಆಮೇಲೆ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು.

“ಏನ್ರೀ, ಒಂದೋ ಈ ಕಾಗದ ಹೊರಗೆ ಹೋಗ್ಬೇಕು, ಇಲ್ಲಾ ನಾನು ಹೋಗ್ಬೇಕು.”

“ಇಲ್ಲಾ ಅಲ್ಲ, ಇಲ್ಲವೇ” ಎಂದರು ತಿದ್ದಪ್ಪ.

ಅಂದು ಸಂಜೆ ಅವರು ಗ್ರಂಥಾಲಯದಿಂದ ಕಾಗದ ಮಡಿಸುವ ಕಲೆಯ ಪುಸ್ತಕವೊಂದನ್ನು ತಂದರು. ಮೊದಲು ಅದರಲ್ಲಿದ್ದ ಮುದ್ರಣದೋಷಗಳನ್ನೆಲ್ಲ ಪೆನ್ಸಿಲಿನಲ್ಲಿ ತಿದ್ದಿ, ಆಮೇಲೆ ಮೊದಲನೆಯ ಹಕ್ಕಿ ಮಾಡಲು ಕೂತರು. ಕರಡು ಹಾಳೆಯನ್ನು ಚೌಕಕ್ಕೆ ಕತ್ತರಿಸಿ, ಮೂಲೆಗೆ ಮೂಲೆ ಸೇರಿಸಿ, ಉಗುರಿನಿಂದ ಗೆರೆ ತೀಡಿ, ತಿರುವಿ ಮತ್ತೆ ಮಡಿಸಿ, ಕೊನೆಗೆ ಎರಡು ಬೆರಳಲ್ಲಿ ಬಾಲ ಹಿಡಿದು ಮೆಲ್ಲಗೆ ಎಳೆದರೆ ರೆಕ್ಕೆ ಬಿಚ್ಚಿಕೊಂಡಿತಂತೆ. ಅವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ರೆಕ್ಕೆಯ ಮೇಲೆ ಯಾವುದೋ ಕಾದಂಬರಿಯ ಅರ್ಧ ವಾಕ್ಯವಿತ್ತು, ಕೊಕ್ಕಿನ ಬಳಿ ಒಂದು ಕೆಂಪು ಪ್ರಶ್ನಾರ್ಥಕ ಚಿಹ್ನೆ.

“ನೋಡ್ರಿ, ತಿದ್ದೋನ ಕೆಲಸ ಯಾರಿಗೂ ಕಾಣಲ್ಲ. ತಪ್ಪು ಉಳಿದ್ರೆ ಊರಿಗೆಲ್ಲ ಕಾಣುತ್ತೆ, ಸರಿ ಮಾಡಿದ್ದು ಯಾರ ಕಣ್ಣಿಗೂ ಬೀಳಲ್ಲ. ನನ್ನ ಕೈಯಲ್ಲಿ ಆಗಿದ್ದು ಅಂತ ಒಂದು ವಸ್ತು ಯಾರ ಮನೇಲೂ ಇಲ್ಲ. ಇದನ್ನ ಯಾರಾದ್ರೂ ಬೇಕು ಅಂತ ತಗೊಂಡು ಹೋದ್ರೆ ಸಾಕು.”

ಹಾಗೆ ಹೇಳುವಾಗ ಅವರ ಮುಖದಲ್ಲಿ ಜಂಭವಿರಲಿಲ್ಲ. ನಾನು ಕೇಕಿನ ವಿಷಯ ಮರೆತು ಆ ಹಕ್ಕಿಯನ್ನು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. “ಚೆನ್ನಾಗಿದೆ ಸಾರ್” ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಎರಡು ತಿಂಗಳಲ್ಲಿ ಮನೆ ತುಂಬ ಹಕ್ಕಿಗಳಾದವು. ಫ್ರಿಜ್ಜಿನ ಮೇಲೆ ಹಕ್ಕಿ, ಚಪ್ಪಲಿಯೊಳಗೆ ಹಕ್ಕಿ, ಸಕ್ಕರೆ ಡಬ್ಬ ತೆಗೆದರೆ ಅಲ್ಲೂ ಒಂದು. ಹೆಂಡತಿ ಇನ್ನೊಂದು ತೀರ್ಪು ಕೊಟ್ಟರು. ಅದರಂತೆ ತಿದ್ದಪ್ಪನವರು ಗೇಟಿನ ಪಕ್ಕ ಒಂದು ಮರದ ಪೆಟ್ಟಿಗೆ ಇಟ್ಟರು. ಗಾಳಿಗೆ ಹಾರಿಹೋಗದಿರಲಿ ಎಂದು ಅದಕ್ಕೊಂದು ಮುಚ್ಚಳ. ಒಳಗೆ ಹಕ್ಕಿಗಳನ್ನು ಸಾಲಾಗಿ ಜೋಡಿಸಿದರು. ಇನ್ನು ಉಳಿದದ್ದು ಫಲಕ.

ಫಲಕದ ಎರಡು ಸಾಲಿಗೆ ಅವರು ಎರಡು ದಿನ ತೆಗೆದುಕೊಂಡರು. ‘ಮಡಚಿದ ಹಕ್ಕಿಗಳು’ ಎಂದರೆ ಆಡುಮಾತಾಯಿತು. ‘ಮಡಿಸಿದ’ ಎನ್ನುವುದು ಲಾಂಡ್ರಿಯವರು ಬಟ್ಟೆಗೆ ಹೇಳುವ ಮಾತು. ಕಲೆಗೆ ತಕ್ಕ ಶುದ್ಧವಾದ, ಗಂಭೀರವಾದ, ಮೂಲ ಧಾತುವಿನ ಪದ ಬೇಕು ಎಂದು ಅವರಿಗೆ ಅನ್ನಿಸಿತು. ಕೊನೆಗೆ ಬಿಳಿ ತಗಡಿನ ಮೇಲೆ ಕಪ್ಪು ಬಣ್ಣದಲ್ಲಿ, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆದರು:

ಮಡಿದ ಹಕ್ಕಿಗಳು.
ಬೇಕಾದವರು ಒಂದೊಂದು ಒಯ್ಯಿರಿ.

ಆಮೇಲೆ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

ಮೊದಲನೆಯ ದಿನ ಒಬ್ಬ ಹೆಂಗಸು ಫಲಕ ಓದಿ, ಮೂಗಿಗೆ ಸೆರಗು ಹಿಡಿದು ಬೀದಿಯ ಆಚೆ ಬದಿಗೆ ದಾಟಿದಳು. ಒಬ್ಬ ಗಂಡಸು ಓದಿದ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ, ಬೇಗಬೇಗ ನಡೆದ. ಮೂರನೆಯ ದಿನದ ಹೊತ್ತಿಗೆ ಜನರೆಲ್ಲ ಆ ಗೇಟಿನ ಮುಂದೆ ಉಸಿರು ಬಿಗಿಹಿಡಿದು ಓಡಾಡತೊಡಗಿದರು. ಒಂದು ವಾರವಾದರೂ ಒಂದು ಹಕ್ಕಿಯೂ ಕಡಿಮೆಯಾಗಲಿಲ್ಲ. “ಈ ಬೀದಿಗೆ ಕಲೆ ಅಂದ್ರೆ ಏನೂಂತ ಗೊತ್ತಿಲ್ಲ” ಎಂದು ತಿದ್ದಪ್ಪನವರು ನಿಟ್ಟುಸಿರುಬಿಟ್ಟರು.

ಈ ನಡುವೆ ಯಾರೋ ಆರೋಗ್ಯ ಇಲಾಖೆಗೆ ಫೋನ್ ಮಾಡಿದ್ದರು. ಯಾರೋ ಏನು, ನಾನೇ. ನಮ್ಮ ಮನೆಯಲ್ಲಿ ಒಂದು ಗಿಳಿ ಇದೆ. ಎದುರು ಮನೆಯವರು ಸತ್ತ ಹಕ್ಕಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಂಚುತ್ತಿದ್ದರೆ ಗಿಳಿ ಸಾಕಿದವನು ಏನು ಮಾಡಬೇಕು? ಅವರ ಕಾಗದದ ಹಕ್ಕಿಯನ್ನು ನಾನು ನೋಡಿದ್ದೆ, ನಿಜ, ಆದರೆ ತಪ್ಪು ಬರೆಯದ ಮನುಷ್ಯ ‘ಮಡಿದ’ ಎಂದು ಬರೆದರೆ ಇವು ಸತ್ತವೇ ಇರಬೇಕು ಎಂದುಕೊಂಡೆ. ಮುಚ್ಚಳ ತೆಗೆದು ನೋಡಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಹಾಗೆ ಬರೆದ ಪೆಟ್ಟಿಗೆಯ ಮುಚ್ಚಳವನ್ನು ಅವರಲ್ಲಿ ಎಷ್ಟು ಜನ ತೆಗೆಯುತ್ತಿದ್ದರೋ ನನಗೆ ಗೊತ್ತಿಲ್ಲ.

ಇನ್‌ಸ್ಪೆಕ್ಟರು ಮುಖಗವಸು, ಮೊಣಕೈವರೆಗಿನ ಕೈಗವಸು, ಉದ್ದನೆಯ ಇಕ್ಕಳ, ಹಳದಿ ಚೀಲ ಸಮೇತ ಬಂದರು. ದೂರದಿಂದಲೇ ಇಕ್ಕಳದಲ್ಲಿ ಮುಚ್ಚಳ ಎತ್ತಿ, ಒಂದು ಹಕ್ಕಿಯನ್ನು ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. ತಿದ್ದಪ್ಪನವರು ಓಡೋಡಿ ಬಂದರು. ಕೊನೆಗೂ ಗಿರಾಕಿ ಬಂದರು ಎಂದುಕೊಂಡಿದ್ದರು ಪಾಪ.

“ತಗೊಳ್ಳಿ ಸಾರ್, ನಾಚಿಕೆ ಬೇಡ. ಕೈಯಲ್ಲೇ ತಗೊಳ್ಳಿ.”

“ಇದು ಕಾಗದ.”

“ಹೌದು, ಕಾಗದಾನೇ.”

“ಸತ್ತಿವೆ ಅಂತ ಬರೆದಿದೀರಿ!”

“ಎಲ್ಲಿ? ಮಡಿದಿವೆ ಅಂತ ಬರೆದಿದೀನಿ. ಕಾಗದ ಮಡಿದಿದೀನಿ. ಮಡಿ, ಅಂದ್ರೆ ಪದರ. ಶುದ್ಧ ಕನ್ನಡ.”

“ನಾನೂ ಕನ್ನಡದಲ್ಲೇ ಪಾಸಾಗಿರೋದು ಸಾರ್. ಮಡಿದ ಅಂದ್ರೆ ಸತ್ತ.”

“ಅದು ನಿಮಗೆ ಪಾಠ ಮಾಡಿದವರ ತಪ್ಪು” ಎಂದರು ತಿದ್ದಪ್ಪ, ಗಂಭೀರವಾಗಿ.

ಇನ್‌ಸ್ಪೆಕ್ಟರು ಬಹಳ ಹೊತ್ತು ಯೋಚಿಸಿದರು. ದೂರು ದಾಖಲಾಗಿದೆ, ಬಂದದ್ದಾಗಿದೆ, ನಮೂನೆ ತುಂಬದೆ ವಾಪಸು ಹೋಗುವಂತಿಲ್ಲ. ನಮೂನೆಯಲ್ಲಿ ‘ಸಾವಿಗೆ ಕಾರಣ’ ಎಂಬ ಕಡೆ ‘ಕಾಗದ’ ಎಂದು ಬರೆದುಕೊಂಡರು. ‘ಜವಾಬ್ದಾರರು’ ಎಂಬ ಕಡೆ ಬಂದಾಗ ತಲೆಯೆತ್ತಿ, “ಬೋರ್ಡಿನಲ್ಲಿ ಜವಾಬ್ದಾರರು ಯಾರೂಂತ ಇಲ್ಲ. ಸಾರ್ವಜನಿಕ ಜಾಗಕ್ಕೆ ಮುಖ ಮಾಡಿರೋ ಪೆಟ್ಟಿಗೆ ಇದು. ಇವನ್ನ ಯಾರು ಮಾಡಿದ್ದು ಅಂತ ಬರೀಬೇಕು. ಇಲ್ಲಾಂದ್ರೆ ಎತ್ತಿಕೊಂಡು ಹೋಗ್ತೀನಿ” ಎಂದರು.

ಕಾನೂನೆಂದರೆ ಕಾನೂನು. ತಿದ್ದಪ್ಪನವರು ಅದೇ ಕುಂಚ ತಂದು, ಉಳಿದಿದ್ದ ಕಿರಿದಾದ ಜಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಮೂರನೆಯ ಸಾಲು ಬರೆದರು:

ಮಡಿದವರು: ಈ ಮನೆಯ ಯಜಮಾನರು.

ನಾನು ಗೇಟಿಗೆ ಹೋಗಿ ಕೈ ಮುಗಿದು ಕೇಳಿಕೊಂಡೆ. “ಸಾರ್, ನಡುವೆ ಒಂದು ‘ಸಿ’ ಹಾಕಿಬಿಡಿ. ಮಡಿಸಿದ, ಮಡಿಸಿದವರು. ಒಂದೇ ಅಕ್ಷರ. ಎಲ್ಲಾ ಸರಿಹೋಗುತ್ತೆ.”

“ಒಂದೇ ಅಕ್ಷರಾನಾ?” ಅವರ ಕಿವಿ ಕೆಂಪಾಯಿತು. “ಮೂವತ್ತನಾಲ್ಕು ವರ್ಷ ನಾನು ಮಾಡಿದ್ದೇ ಒಂದೊಂದು ಅಕ್ಷರದ ಕೆಲಸ. ಸರಿ ಇರೋದನ್ನ ಹೇಗೆ ತಿದ್ದಲಿ? ನಿಘಂಟು ಕಚೇರಿಯ ಪಂಡಿತರಿಗೆ ಕಾಗದ ಬರೆದಿದೀನಿ. ಅವರು ತಪ್ಪು ಅನ್ಲಿ, ಈ ಕೈಯಿಂದಲೇ ತಿದ್ದುತೀನಿ. ಅಲ್ಲೀವರೆಗೆ ಬ್ರಹ್ಮ ಬಂದು ಹೇಳಿದ್ರೂ ತಿದ್ದಲ್ಲ.”

ಆ ವಾರ ನಮ್ಮ ಬೀದಿಯ ಹಳೆಯ ಅಂಚೆಯವರು ರಜೆಯ ಮೇಲಿದ್ದರು. ಬದಲಿಗೆ ಬಂದವರು ಕರ್ತವ್ಯನಿಷ್ಠರು. ತಿದ್ದಪ್ಪನವರ ಹೆಸರಿಗೆ ಅಂದು ಎರಡು ಕಾಗದಗಳಿದ್ದವು. ಗೇಟಿಗೆ ಬಂದು, ಫಲಕ ಓದಿ, ಟೋಪಿ ತೆಗೆದು ಅರ್ಧ ನಿಮಿಷ ಮೌನವಾಗಿ ನಿಂತರು. ಆಮೇಲೆ ಎರಡು ಲಕೋಟೆಗಳ ಮೇಲೂ ‘ವಿಳಾಸದಾರರು ಮಡಿದಿದ್ದಾರೆ’ ಎಂದು ಬರೆದು ವಾಪಸು ಚೀಲಕ್ಕೆ ಹಾಕಿಕೊಂಡರು. ಅವುಗಳಲ್ಲಿ ಒಂದು ನಿಘಂಟಿನ ಪಂಡಿತರ ಉತ್ತರ. ಆ ಪದದ ಬಗೆಗಿನ ತೀರ್ಪು ಆ ಪದದ ದೆಸೆಯಿಂದಲೇ ಹಿಂದಕ್ಕೆ ಹೋಯಿತು. ಇನ್ನೊಂದು, ಪಕ್ಕದ ಊರಿನಲ್ಲಿದ್ದ ಅವರ ಹೆಂಡತಿಯ ಅಣ್ಣನ ಕಾಗದ.

ಅಣ್ಣ ವಾಪಸು ಬಂದ ಕಾಗದ ಕಂಡು ಎದೆ ಒಡೆದುಕೊಂಡು ತಂಗಿಗೆ ಫೋನ್ ಮಾಡಿದರು. ಅಳುವಿನಲ್ಲಿ ಬಾಯಿಂದ ಬಂದದ್ದು “ಭಾವ…” ಎಂಬುದೊಂದೇ. ತಂಗಿ ಒಲೆಯ ಮೇಲೆ ಏನೋ ಇಟ್ಟಿದ್ದರು. “ಅವರಾ? ಪೆಟ್ಟಿಗೆ ಹತ್ರ ಇದಾರೆ ಕಣೋ. ಒಬ್ಬರೂ ಬಂದಿಲ್ಲ ಅಂತ ನಂಗೂ ಬೇಜಾರು. ಆಮೇಲೆ ಮಾತಾಡ್ತೀನಿ” ಎಂದು ಇಟ್ಟುಬಿಟ್ಟರು.

ಭಾವನ ಶವಪೆಟ್ಟಿಗೆಯ ಬಳಿ ಒಬ್ಬರೂ ಬಂದಿಲ್ಲವೆಂದುಕೊಂಡ ಮೇಲೆ ಅಣ್ಣ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಎದೆಯಷ್ಟೆತ್ತರದ ಹೂಗುಚ್ಛದೊಂದಿಗೆ ಬಂದಿಳಿದರು. ಬದುಕಿದ್ದಾಗ ಭಾವನನ್ನು ‘ಆ ಕೊಂಬು ದೀರ್ಘ’ ಎಂದು ಕರೆಯುತ್ತಿದ್ದವರು ಗೇಟು ಹಿಡಿದುಕೊಂಡು, “ಎಂಥ ಬಂಗಾರದಂಥ ಮನುಷ್ಯ! ಒಂದು ಒರಟು ಮಾತು ಆಡಿದವರಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಅತ್ತರು. ನಾವೆಲ್ಲ ಹೊರಗೆ ಬಂದೆವು. ತಿದ್ದಪ್ಪನವರೂ ಬಾಗಿಲು ತೆಗೆದರು.

“ಯಾಕೆ ಭಾವ, ಯಾರು ಹೋದ್ರು?”

ಅಣ್ಣನ ಕೈಯಿಂದ ಹೂಗುಚ್ಛ ಜಾರಿತು. “ನೀವು! ನೀವು ಹೋಗಿದೀರಂತೆ!”

“ಎಲ್ಲಿಗೆ?”

“ಅಯ್ಯೋ, ಬೋರ್ಡಿನಲ್ಲೇ ಬರೆದಿದೆಯಲ್ರೀ! ಅಂಚೆಯವರೂ ಬರೆದಿದಾರೆ! ರಜಾ ಹಾಕಿ ಬಂದಿದೀನಿ! ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದಾರೆ! ಈಗ ನಾನು ಅವರಿಗೆ ಯಾವ ಮುಖ ತೋರಿಸಲಿ?”

ಭಾವ ಸತ್ತಿಲ್ಲವೆಂಬ ಸಂತೋಷಕ್ಕಿಂತ ಸಾಯದೆ ಮೋಸ ಮಾಡಿದರೆಂಬ ಸಿಟ್ಟು ಅವರಿಗೆ ಹೆಚ್ಚಾಗಿತ್ತು. ಇಷ್ಟರಲ್ಲಿ ಹೆಂಡತಿ ಹೊರಗೆ ಬಂದು ಮೂರನೆಯ ಸಾಲನ್ನು ಮೊದಲ ಸಲ ಗಮನಿಸಿ ಓದಿದರು. ಅವರು ಕಿರುಚಲಿಲ್ಲ. ಸಣ್ಣ ದನಿಯಲ್ಲಿ ಹೇಳಿದರು, “ನಾನು ನಿಮಗೋಸ್ಕರ ಅಡುಗೆ ಮಾಡ್ತಾ ಇದೀನಿ, ನೀವು ಗೇಟಲ್ಲಿ ನನ್ನನ್ನ ವಿಧವೆ ಮಾಡಿ ಕೂತಿದೀರಾ? ಈಗಲೇ ಇದನ್ನ ತಿದ್ದಿ. ಇಲ್ಲಾ, ಅಣ್ಣನ ಜೊತೆ ಹೊರಟೆ.”

‘ಇಲ್ಲಾ’ ಎಂದದ್ದನ್ನು ತಿದ್ದಪ್ಪನವರು ಈ ಸಲ ತಿದ್ದಲಿಲ್ಲ. ಪಂಡಿತರ ಉತ್ತರ ಬರಲಿ ಎಂದು ಗೊಣಗಿದರು. ಅಣ್ಣ ಕೂಗಾಡಿದರು, ನಾನೂ ನನ್ನ ಒಂದು ‘ಸಿ’ಯ ಸಲಹೆಯನ್ನು ಮತ್ತೆ ಮಂಡಿಸಿದೆ. ಹೀಗೆ ನಾಲ್ಕೂ ಜನ ಗೇಟಿನ ಒಳಗೆ ಗಲಾಟೆ ಮಾಡುತ್ತಿರುವಾಗ ಹೊರಗೆ ಪೆಟ್ಟಿಗೆಯ ಮುಚ್ಚಳ ಕಿರ್ ಎಂದಿತು.

ಬಂದಿದ್ದವರು ಬೀದಿಯ ತುದಿಯಲ್ಲಿ ಜಿಪ್ಪು ಹಾಕಿ, ಅಂಚು ಹೊಲಿದು, ಸಡಿಲವಾದದ್ದನ್ನು ಬಿಗಿ ಮಾಡಿಕೊಡುವ ಹೊಲಿಗೆ ಅಂಗಡಿಯ ಟೈಲರಮ್ಮ. ಅವರ ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುತ್ತಿದ್ದವರು, ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಟೈಲರಮ್ಮ ಬಗ್ಗಿ, ಹಕ್ಕಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಸಣ್ಣದೊಂದನ್ನು ಆರಿಸಿಕೊಂಡರು. ತಲೆಯೆತ್ತಿದರೆ ನಾವೆಲ್ಲ ಬಾಯಿ ಮುಚ್ಚಿ ಅವರನ್ನೇ ನೋಡುತ್ತಿದ್ದೆವು. ಅವರಿಗೆ ಸಂಕೋಚವಾಯಿತು.

“ಕೇಳದೇ ತಗೊಂಡೆ ಸಾರ್. ಮಡಿದೋರ ಹಕ್ಕಿ, ಒಂದೊಂದು ಒಯ್ಯಿರಿ ಅಂತಿತ್ತು. ಹೋದೋರು ಒಬ್ಬೊಬ್ಬರಿಗೂ ಒಂದೊಂದು ಅಂತ ಅಲ್ವಾ? ಕೆಳಗಿನ ಸಣ್ಣ ಅಕ್ಷರ ಓದೋಕಾಗ್ಲಿಲ್ಲ, ಕನ್ನಡಕ ಮಿಶನ್ ಮೇಲೆ ಬಿಟ್ಟು ಬಂದಿದೀನಿ. ನಂಗೆ ಹೋಗಿರೋದು ಒಬ್ರೇ. ಒಂದೇ ತಗೊಂಡಿದೀನಿ.”

ತಿದ್ದಪ್ಪನವರ ಬಾಯಿ ತೆರೆಯಿತು. ತಪ್ಪು ಓದನ್ನು ಕೇಳಿಸಿಕೊಂಡು ಸುಮ್ಮನಿರುವ ಅಭ್ಯಾಸ ಆ ಬಾಯಿಗೆ ಇರಲಿಲ್ಲ. ಹೆಂಡತಿ ಅವರ ಮೊಣಕೈಯನ್ನು ಬಲವಾಗಿ ಚಿವುಟಿದರು.

“ಇನ್ನೊಂದು ತಗೊಳ್ಳಿ” ಎಂದರು ತಿದ್ದಪ್ಪ, ದನಿ ಸರಿಮಾಡಿಕೊಂಡು.

“ಬೇಡ ಸಾರ್. ಎರಡು ತಗೊಂಡ್ರೆ ಇನ್ನೊಬ್ಬ ಯಾರು ಅಂತ ಸಿಟ್ಟು ಮಾಡ್ಕೊತಾರೆ. ಮೊದಲೇ ಅನುಮಾನದ ಮನುಷ್ಯ.” ಟೈಲರಮ್ಮ ಸ್ವಲ್ಪ ನಕ್ಕರು. “ಯಾರೂ ಇಂಥದ್ದೊಂದು ಕೊಟ್ಟಿರ್ಲಿಲ್ಲ. ಎಲ್ಲರೂ ಬಂದು ಧೈರ್ಯ ತಗೋ ಅಂತ ಹೇಳಿ ಹೋದ್ರು. ಕೈಯಲ್ಲಿ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ.”

ಅವರು ಹಕ್ಕಿಯನ್ನು ಎರಡು ಕೈಯಲ್ಲಿ ಮುಚ್ಚಿಕೊಂಡು ಹೋದರು. ಆಮೇಲೆ ಅಣ್ಣ ಗೇಟು ತೆಗೆದು ಪೆಟ್ಟಿಗೆಗೆ ಕೈ ಹಾಕಿ, “ಅಮ್ಮನಿಗೆ” ಎಂದು ಒಂದು ಹಕ್ಕಿ ತೆಗೆದುಕೊಂಡರು. ಹೆಂಡತಿ ಒಳಗಿನಿಂದ ಬಿಳಿ ಬಣ್ಣ ತಂದು ಮೂರನೆಯ ಸಾಲಿನ ಮೇಲೆ ಮಾತ್ರ ಬಳಿದರು. ಮೇಲಿನ ಎರಡು ಸಾಲು ಹಾಗೇ ಉಳಿಯಿತು.

ಟೈಲರಮ್ಮ ತಮ್ಮ ಹಕ್ಕಿಯನ್ನು ಮಿಶನ್ನಿನ ಮೇಲೆ ದಾರದಲ್ಲಿ ನೇತುಹಾಕಿದರು. ಜಿಪ್ಪು ಹಾಕಿಸಲು ಬಂದವರು ಕೇಳಿದರು. ಹಾಗೆ ಕೇಳಿದವರು ನಮ್ಮ ಬೀದಿಗೆ ಬಂದರು. ಕ್ಷೌರದಂಗಡಿಯವರು ಅಪ್ಪನಿಗೆ ಒಂದು, ಅಮ್ಮನಿಗೆ ಒಂದು ಎಂದು ಎರಡು ಒಯ್ದರು. ಔಷಧಿ ಅಂಗಡಿಯ ಹುಡುಗಿ ತನ್ನ ಟೀಚರಿಗೆಂದು ಒಯ್ದಳು. ಅಂದು ಟೋಪಿ ತೆಗೆದು ನಿಂತಿದ್ದ ಬದಲಿ ಅಂಚೆಯವರು, ತಿದ್ದಪ್ಪನವರು ಜೀವಂತವಾಗಿ ಎದುರು ನಿಂತದ್ದನ್ನು ಕಂಡು ಬೆವರಿ, ಕ್ಷಮೆ ಕೇಳಿ, ತಮ್ಮ ಅಕ್ಕನಿಗೆಂದು ಒಂದು ಕೇಳಿದರು. ಗೇಟಿನ ಹತ್ತಿರ ನಿಂತವರು ತಮ್ಮವರ ವಿಷಯ ಒಂದೆರಡು ಮಾತು ಹೇಳದೆ ಹೋಗುತ್ತಿರಲಿಲ್ಲ. ತಿದ್ದಪ್ಪನವರು ಅವರ ವ್ಯಾಕರಣ ತಿದ್ದದೆ ಕೇಳುತ್ತಿದ್ದರು. ಹದಿನೇಳು ಗಂಟುಗಳಲ್ಲಿ ಐದು ಖಾಲಿಯಾದವು. ಹೆಂಡತಿಯೂ ಮಡಿಸಲು ಕಲಿತರು. ಅವರ ಹಕ್ಕಿಗಳ ಕತ್ತು ಸ್ವಲ್ಪ ಸೊಟ್ಟ, ಆದರೆ ಜನ ಅವನ್ನೇ ಹುಡುಕಿ ಒಯ್ಯುತ್ತಿದ್ದರು.

ಆಗ ಪಂಡಿತರ ಕಾಗದ ಬಂತು. ವಾಪಸು ಬಂದ ಉತ್ತರವನ್ನು ಅವರು ಈ ಸಲ ‘ದಿವಂಗತರ ಶ್ರೀಮತಿಯವರಿಗೆ’ ಎಂದು ಕಳಿಸಿದ್ದರು. ಮೊದಲ ಪುಟ ಪೂರ್ತಿ ಸಂತಾಪ. ಎರಡನೆಯ ಪುಟದಲ್ಲಿ ಹೀಗಿತ್ತು: “ದಿವಂಗತರು ಕೇಳಿದ್ದ ಪ್ರಶ್ನೆಗೆ ಉತ್ತರಿಸುವುದು ನನ್ನ ಕರ್ತವ್ಯ. ಇಂದಿನ ಬಳಕೆಯಲ್ಲಿ ಮನುಷ್ಯ ಕಾಗದವನ್ನು ಮಡಿಸುತ್ತಾನೆ, ಮಡಚುತ್ತಾನೆ. ಮಡಿಯುವುದಿಲ್ಲ. ಮಡಿದ ಎಂದರೆ ಓದುಗರು ಸತ್ತ ಎಂದೇ ತಿಳಿಯುವರು. ಪ್ರಯೋಗ ತಪ್ಪು. ಆದರೆ ಈಗ ಅವರಿಗೆ ಇದರಿಂದ ನೋವಾಗಲಾರದು ಎಂಬುದೊಂದೇ ಸಮಾಧಾನ.”

ನೋವಾಯಿತು. ತಿದ್ದಪ್ಪನವರು ಕಾಗದವನ್ನು ಮೂರು ಸಲ ಓದಿದರು. ಮುಖ ಒಂದೇ ಬೆಳಿಗ್ಗೆಯಲ್ಲಿ ಹತ್ತು ವರ್ಷ ಹಳೆಯದಾಯಿತು. ನಾನು ಗೆದ್ದಿದ್ದೆ, ಕೇಕಿನ ಸೇಡೂ ತೀರಿತ್ತು. ಆದರೆ ಸಂತೋಷವಾಗಲಿಲ್ಲ.

“ಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ?” ಎಂದೆ.

“ನನಗೆ ಗೊತ್ತಾಯ್ತಲ್ರೀ. ತಪ್ಪು ಅಂದ್ರೆ ಈ ಕೈಯಿಂದ ತಿದ್ದುತೀನಿ ಅಂದಿದ್ದೆ.”

ಕೆಂಪು ಬಣ್ಣ, ಕುಂಚ ತೆಗೆದುಕೊಂಡು ಗೇಟಿಗೆ ಹೋದರು. ನಾನೂ ಹಿಂದೆ ಹೋದೆ. ಹೆಂಡತಿ ಮೆಟ್ಟಿಲ ಮೇಲೆ ನಿಂತರು. ತಿದ್ದಪ್ಪನವರು ‘ಮಡಿದ’ ಎಂಬುದರ ಮೇಲೆ ಒಂದು ನೇರವಾದ ಕೆಂಪು ಗೆರೆ ಎಳೆದರು. ಸರಿಯಾದ ಪದವನ್ನು ಅದರ ಮೇಲೆ ಬರೆಯಬೇಕು, ಅಷ್ಟರಲ್ಲಿ ಬ್ರೆಡ್ ವ್ಯಾನೊಂದು ಬಂದು ನಿಂತಿತು. ಚಾಲಕ ಇಳಿದ. ಗಟ್ಟಿಮುಟ್ಟಾದ ಆಳು, ತೋಳಿಗೆಲ್ಲ ಹಿಟ್ಟು. ಗೆರೆ ನೋಡಿ ಅಲ್ಲೇ ನಿಂತ.

“ಹೊಡೆದುಹಾಕಿಬಿಟ್ರಾ ಸಾರ್? ನಿಲ್ಲಿಸಿಬಿಟ್ರಾ?”

“ಇಲ್ಲ, ಅದು…”

“ಟೈಲರಮ್ಮ ಹೇಳಿದ್ರು. ಬರೋಣ ಬರೋಣ ಅಂತ ಹದಿನೈದು ದಿನದಿಂದ ಈ ಬೀದೀಲಿ ನಿಧಾನವಾಗಿ ಓಡಿಸ್ಕೊಂಡು ಹೋಗ್ತಿದ್ದೆ. ಇಳಿಯೋಕೆ ಧೈರ್ಯ ಆಗ್ಲಿಲ್ಲ.” ಅವನು ಪೆಟ್ಟಿಗೆಯನ್ನು ನೋಡಿದ. “ನಂಗೆ ಮೂರು ಬೇಕಿತ್ತು. ಒಂದೇ ದಿನ ಹೋದ್ರು ಸಾರ್, ಮೂರೂ ಜನ. ಮೂರು ಕೊಡ್ತೀರಾ, ಒಬ್ಬರಿಗೆ ಒಂದೇನಾ?”

ಮುಚ್ಚಳ ತೆಗೆದರೆ ಒಳಗೆ ಎರಡೇ ಇದ್ದವು. ತಿದ್ದಪ್ಪನವರು ಕುಂಚವನ್ನು ಡಬ್ಬದ ಮೇಲಿಟ್ಟು, ಹೆಂಡತಿ ಓಡಿಹೋಗಿ ತಂದುಕೊಟ್ಟ ಹಾಳೆ ತೆಗೆದುಕೊಂಡು, ಮೆಟ್ಟಿಲ ಮೇಲೆ ಕೂತರು. “ಚಿಕ್ಕದಾ, ದೊಡ್ಡದಾ?” ಎಂದು ಕೇಳಿದರು. “ಚಿಕ್ಕದು ಸಾರ್, ನಾಲ್ಕು ವರ್ಷ” ಎಂದ ಚಾಲಕ. ಅವರು ಹಾಳೆಯನ್ನು ಕಾಲು ಭಾಗಕ್ಕೆ ಕತ್ತರಿಸಿದರು. ಅಷ್ಟು ನಿಧಾನವಾಗಿ, ಅಷ್ಟು ಜಾಗ್ರತೆಯಿಂದ ಅವರು ಮಡಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಚಾಲಕ ವ್ಯಾನಿಗೆ ಒರಗಿ ಕಾಯುತ್ತಿದ್ದ.

ಮೂರೂ ಹಕ್ಕಿಗಳನ್ನು ಅವನ ಕೈಗೆ ಕೊಟ್ಟು ತಿದ್ದಪ್ಪನವರು ಎದ್ದರು. ಮತ್ತೆ ಕುಂಚ ಅದ್ದಿ ಫಲಕದ ಮುಂದೆ ನಿಂತರು. ಮುದ್ರಣಾಲಯಗಳಲ್ಲಿ ಒಂದು ಪದ್ಧತಿ ಇದೆಯಂತೆ. ತಿದ್ದುವವನು ಅವಸರದಲ್ಲಿ ಹೊಡೆದುಹಾಕಿದ ಪದ ಇರಬೇಕಾದದ್ದೇ ಎಂದು ತಿಳಿದರೆ, ಅದರ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ಒಂದು ಮಾತು ಬರೆಯುತ್ತಾನೆ. ತಪ್ಪು ಪದದ್ದಲ್ಲ, ತಿದ್ದಿದವನದು ಎಂದು ಅದರ ಅರ್ಥ. ಇದನ್ನು ಅವರು ನನಗೆ ವಿವರಿಸಿದ್ದು ಆಮೇಲೆ. ಇಷ್ಟು ವರ್ಷದಲ್ಲಿ ತಾವು ಅದನ್ನು ಒಮ್ಮೆಯೂ ಬರೆದಿರಲಿಲ್ಲವೆಂದೂ ಹೇಳಿದರು. ಆಗ ನಾನು ಕಂಡದ್ದಿಷ್ಟೇ: ಅವರು ‘ಮಡಿದ’ದ ಕೆಳಗೆ ಒಂದೊಂದಾಗಿ ಐದು ಕೆಂಪು ಚುಕ್ಕಿ ಇಟ್ಟರು, ಪಕ್ಕದ ಖಾಲಿ ಜಾಗದಲ್ಲಿ ‘ಇರಲಿ’ ಎಂದು ಬರೆದರು.

ಬ್ರೆಡ್ ವ್ಯಾನಿನವನಿಗೆ ಮುದ್ರಣಾಲಯದ ಭಾಷೆ ಎಲ್ಲಿ ಗೊತ್ತಿರಬೇಕು? ಅವನು ತುಟಿಯಾಡಿಸುತ್ತ ಅದನ್ನು ಓದಿದ. ಮೊಣಕೈಯಿಂದ ಕಣ್ಣು ಒರೆಸಿಕೊಂಡಾಗ ಹಿಟ್ಟೆಲ್ಲ ಮುಖಕ್ಕಾಯಿತು.

“ಹೂಂ ಸಾರ್” ಎಂದ. “ಇರಲಿ.”

ಮೂರು ಹಕ್ಕಿಗಳನ್ನು ಸ್ಟೀರಿಂಗಿನ ಮುಂದೆ ಒಂದರ ಪಕ್ಕ ಒಂದು ಕೂರಿಸಿ, ಚಿಕ್ಕದನ್ನು ನಡುವೆ ಸರಿಸಿ, ವ್ಯಾನು ಹೊರಡಿಸಿದ.